ಸಹಾಯ ಬೇಕು: ಕೋಲಾರ ಮಂಡಿಯ ಹಮಾಲರಿಗೆ ನಿಕೋಟಿನ್ ಗಮ್ ಹೇಳಿಕೊಡಲು

ಕೋಲಾರ ಎಪಿಎಂಸಿಯಲ್ಲಿ ಗುಟ್ಕಾ ಬಿಡಲು ಹೊರಟ ಹಮಾಲರ ಶಿಬಿರದಲ್ಲಿ 2 ಮಿ.ಗ್ರಾಂ ನಿಕೋಟಿನ್ ಗಮ್ (ತಂಬಾಕಿನ ಚಪಲ ತಗ್ಗಿಸಲು ಸ್ವಲ್ಪ ನಿಕೋಟಿನ್ ಕೊಡುವ ಅಗಿಯುವ ಗಮ್) ಬಳಕೆ ಹೇಳಿಕೊಡಲು ಇಬ್ಬರು ಫಾರ್ಮಸಿಸ್ಟ್‌ಗಳು ಬೇಕು. ತೆಲುಗೂ ಬಂದರೆ ಇನ್ನೂ ಒಳ್ಳೇದು.

ತಪ್ಪಾಗೋದು ಹೆಚ್ಚಾಗಿ ಒಂದೇ ಕಡೆ: ಎಲೆಅಡಿಕೆ ಥರ ಜಗಿದು ರಸ ನುಂಗೋದು. ಆಗ ಬಿಕ್ಕಳಿಕೆ, ಹೊಟ್ಟೆ ತೊಳಸು. "ಇದು ಆಗಲ್ಲ ಸಾರ್" ಅಂತ ಉಗಿದು ಮತ್ತೆ ಗುಟ್ಕಾ. ನಿಧಾನ ಅಗಿಯಬೇಕು, ಚುರುಚುರು ಅಂದ ಕೂಡಲೇ ಕೆನ್ನೆ-ವಸಡಿನ ನಡುವೆ ಒತ್ತಿಡಬೇಕು, ಚುರುಕು ಇಳಿದರೆ ಮತ್ತೆ ಅಗಿಯಬೇಕು. ಒಟ್ಟು ಅರ್ಧ ಗಂಟೆ. 15 ನಿಮಿಷ ಮೊದಲು ಕಾಫಿ ಬೇಡ, ಬಾಯಿ ಹುಳಿಯಾದರೆ ನಿಕೋಟಿನ್ ಸರಿಯಾಗಿ ಒಳಗೆ ಹೋಗಲ್ಲ.

ತಂಬಾಕು ಬಿಡಿಸಲು ಕೊಡುವ ಇನ್ನೊಂದು ಔಷಧ ವರೆನಿಕ್ಲಿನ್ ಬೇರೆ ಮಾತು. ಮೆದುಳಿನಲ್ಲಿ ನಿಕೋಟಿನ್ ಅಂಟಿಕೊಳ್ಳುವ ಜಾಗವನ್ನು (ನಿಕೋಟಿನಿಕ್ ಗ್ರಾಹಕ) ಅರೆಬರೆ ಕೆಣಕಿ, ನಿಕೋಟಿನ್‌ಗೆ ಜಾಗ ಬಿಡದ ಮಾತ್ರೆ ಅದು. ವೈದ್ಯರ ಚೀಟಿ ಬೇಕು. ತೀವ್ರ ಕಿಡ್ನಿ ತೊಂದರೆ ಇದ್ದವರಿಗೆ ಡೋಸ್ ಇಳಿಸಬೇಕಾಗುತ್ತೆ. ಶಿಬಿರದಲ್ಲಿ ಅದನ್ನು ಹಂಚಲ್ಲ.

ಹರಾಜು ಮುಗಿದ ಮೇಲೆ ಬಿಡುವಿರುವವರು ಇಲ್ಲೇ ಕಾಮೆಂಟ್ ಹಾಕಿ.