ಅಪ್‌ಡೇಟ್: ಹಲ್ಲು ಕ್ಲೀನಿಂಗ್ ಮಾಡಿಸಿದೆ, 300 ರೂಪಾಯಿ ಆಯಿತು

ಹೋದ ತಿಂಗಳು ಕೇಳಿದ್ದೆ: ದಾವಣಗೆರೆಯ ಒಂದು ಕ್ಲಿನಿಕ್‌ನಲ್ಲಿ ಕ್ಲೀನಿಂಗ್‌ಗೆ 1,800 ರೂಪಾಯಿ ಹೇಳಿದ್ದಾರೆ, ಇದು ಜಾಸ್ತಿ ಅಲ್ವಾ ಅಂತ. ಡೆಂಟಲ್ ಕಾಲೇಜಿಗೆ ಹೋಗಿ ಎಂದು ಹಲವರು ಹೇಳಿದಿರಿ. ಹೋದೆ. ನಮ್ಮ ಊರಿನಲ್ಲೇ ಎರಡು ಕಾಲೇಜುಗಳಿದ್ದರೂ ನನಗೆ ಹೊಳೆದಿರಲಿಲ್ಲ!

ಚೀಟಿ, ಸ್ಕೇಲಿಂಗ್ (ಹಲ್ಲಿಗೆ ಅಂಟಿದ ಗಟ್ಟಿ ಕೊಳೆ ತೆಗೆಯುವುದು), ಪಾಲಿಶಿಂಗ್ ಎಲ್ಲ ಸೇರಿ 300 ರೂಪಾಯಿ. ಆದರೆ ಅರ್ಧ ದಿನ ರಜೆ ಹಾಕಬೇಕಾಯಿತು, ಸರತಿ ಉದ್ದ ಇತ್ತು. ಮಾಡಿದ್ದು ಹೌಸ್ ಸರ್ಜನ್ ಹುಡುಗಿ, ಅಂದರೆ ಇನ್ನೂ ತರಬೇತಿಯಲ್ಲಿರುವ ಡಾಕ್ಟರ್. ಕೊನೆಗೆ ಹಿರಿಯ ಡಾಕ್ಟರ್ ಬಂದು ಪ್ರತಿ ಹಲ್ಲನ್ನೂ ನೋಡಿದರು. ಅಷ್ಟು ತಾಳ್ಮೆಯಿಂದ ಯಾರೂ ನನ್ನ ಬಾಯಿ ನೋಡಿರಲಿಲ್ಲ.

ಸ್ಕೇಲಿಂಗ್‌ನಿಂದ ಹಲ್ಲು ಸವೆಯುತ್ತದೆ ಎಂದು ಅಮ್ಮ ಹೆದರಿಸಿದ್ದರು. ಮುಗಿದ ಮೇಲೆ ಕೆಳಗಿನ ಮುಂದಿನ ಹಲ್ಲುಗಳ ನಡುವೆ ಸಂದು ಕಂಡು ನನಗೂ ಗಾಬರಿಯಾಯಿತು. ಅಲ್ಲಿ ಇಷ್ಟು ದಿನ ಕೂತಿದ್ದ ಗಟ್ಟಿ ಕೊಳೆ ಹೋಗಿದೆ ಅಷ್ಟೇ, ಹಲ್ಲು ಹಾಗೇ ಇದೆ ಎಂದು ಡಾಕ್ಟರ್ ಕನ್ನಡಿ ಹಿಡಿದು ತೋರಿಸಿದರು.

ಮೂರು ದಿನ ತಣ್ಣೀರು ಕುಡಿದರೆ ಜುಂ ಅನ್ನುತ್ತಿತ್ತು, ಈಗಿಲ್ಲ. ಬ್ರಷ್ ಮಾಡುವಾಗ ರಕ್ತ ಬರುವುದೂ ನಿಂತಿದೆ. ದಾರಿ ತೋರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮುಂದಿನ ವಾರ ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ.