ಅಣ್ಣನಿಗೆ ತಿಳಿಯದಂತೆ ಮಾತ್ರೆ ಕೊಡಬಹುದೇ? ಅನುಭವವಿದ್ದವರು ತಿಳಿಸಿ

ತುಮಕೂರಿನ ತಂಗಿ: ಅಣ್ಣನಿಗೆ 34 ವರ್ಷ, ಸ್ಕಿಜೋಫ್ರೀನಿಯಾ ಎಂಬ ಮನೋರೋಗ. ಮಾತ್ರೆ ಬಿಟ್ಟು ನಾಲ್ಕು ತಿಂಗಳಾಯಿತು. ಗಂಜಿಯಲ್ಲಿ ಬೆರೆಸಿ ಕೊಡು ಎನ್ನುತ್ತಾರೆ ಅಮ್ಮ. ನನಗೆ ಕೈ ಬರುತ್ತಿಲ್ಲ. ನೀವೆಲ್ಲ ಏನು ಮಾಡಿದಿರಿ?

ಹಾಸನದ ತಾಯಿ: ಮೂರು ವರ್ಷದಿಂದ ಬೆರೆಸುತ್ತಿದ್ದೇನೆ, ನಾಚಿಕೆಯಿಲ್ಲ. ವೈದ್ಯರೇ ರಿಸ್ಪೆರಿಡೋನ್ ದ್ರಾವಣ ಬರೆದುಕೊಟ್ಟರು. ಮೊದಲು ಚಹಾದಲ್ಲಿ ಹಾಕಿದೆ. ಚಹಾಕ್ಕೂ ಕೋಲಾಕ್ಕೂ ಅದು ಹೊಂದುವುದಿಲ್ಲ ಎಂದು ಔಷಧದ ಜೊತೆಗಿನ ಕಾಗದದಲ್ಲೇ ಇತ್ತು, ಓದಿರಲಿಲ್ಲ; ಎರಡು ತಿಂಗಳ ಔಷಧ ನೀರುಪಾಲು. ಆಮೇಲೆ ಕಾಫಿ. ಅವನ ಲೋಟದ ತಳದಲ್ಲಿ ಮೊಳೆಯಿಂದ ಗೀರಿದ ಗುರುತಿದೆ. ಅಂದಿನಿಂದ ಒಂದು ರಾತ್ರಿಯೂ ತವರಿನಲ್ಲಿ ಉಳಿದಿಲ್ಲ. ಮಗ ಈಗ ಅಂಗಡಿಯಲ್ಲಿ ಕೂರುತ್ತಾನೆ.

ಶಿವಮೊಗ್ಗದವನು: ಅಂಥ ಲೋಟದಲ್ಲಿ ಕುಡಿದವನು ನಾನು. ಕೈ ನಡುಕ, ಆರು ತಿಂಗಳಲ್ಲಿ 14 ಕಿಲೋ ತೂಕ. ಕಾರಣ ತಿಳಿಯದೆ ಥೈರಾಯ್ಡ್, ಸಕ್ಕರೆ, ನರದ ಪರೀಕ್ಷೆಗಳಿಗೆ 9,400 ರೂಪಾಯಿ ಸುರಿದೆ. ಊಟದಲ್ಲಿ ಏನೋ ಬೆರೆಸುತ್ತಿದ್ದೀರಿ ಎಂದರೆ ಅದು ಕಾಯಿಲೆಯ ಭ್ರಮೆ ಎಂದರು. ಹಿಟ್ಟಿನ ಡಬ್ಬದ ಹಿಂದೆ ಖಾಲಿ ಮಾತ್ರೆ ಪಟ್ಟಿಗಳು ಸಿಕ್ಕವು. ಹನ್ನೊಂದು ತಿಂಗಳು ಮನೆಯಲ್ಲಿ ಉಣ್ಣಲಿಲ್ಲ. ಅಮ್ಮ ಬಡಿಸಿದರೆ ಇಂದಿಗೂ ಮೊದಲ ತುತ್ತು ಗಂಟಲಲ್ಲೇ ನಿಲ್ಲುತ್ತದೆ.

ಹಾಸನದ ತಾಯಿ: ನಡುರಾತ್ರಿ ಮಗ ಕುಡುಗೋಲು ಹಿಡಿದು ನಿಂತಿದ್ದಾಗ ನೀವು ಬಂದು ಬಿಡಿಸುತ್ತಿದ್ದಿರಾ?

ಶಿವಮೊಗ್ಗದವನು: ಅದಕ್ಕೆ ಆಸ್ಪತ್ರೆಯಿದೆ, ಕಾನೂನಿದೆ. ಮೂರು ವರ್ಷದಲ್ಲಿ ಒಂದು ದಿನವಾದರೂ ಅವನನ್ನು ಕೇಳಿದ್ದೀರಾ?

ಗದಗದ ಗೃಹಿಣಿ: ಕಾನೂನು ಎಂದು ಸುಲಭವಾಗಿ ಹೇಳಬೇಡಿ. ನನ್ನ ಗಂಡನನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೇ ಕಲಮಿನಡಿ, ಅವರು ತಾವಾಗಿ ಒಪ್ಪದಿದ್ದರೂ, ಆಸ್ಪತ್ರೆಗೆ ಸೇರಿಸಿದೆ. ಮನೋವೈದ್ಯರೊಬ್ಬರು, ಇನ್ನೊಬ್ಬ ವೈದ್ಯರೋ ಮಾನಸಿಕ ಆರೋಗ್ಯ ತಜ್ಞರೋ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಮಿತಿ 30 ದಿನ. 26 ದಿನಕ್ಕೆ 1,12,000 ರೂಪಾಯಿ. ಮನೋರೋಗಕ್ಕೆ ಹಣವಿಲ್ಲ ಎಂದಿತು ವಿಮಾ ಕಂಪನಿ. ದೇಹದ ಕಾಯಿಲೆಯಂತೆಯೇ ಇದಕ್ಕೂ ವಿಮೆ ಇರಬೇಕೆಂದು ಅದೇ ಕಾಯ್ದೆಯ 21ನೇ ಕಲಮಿನಲ್ಲಿದೆ. ಐದು ಪತ್ರ, ಏಳು ತಿಂಗಳು, ಬಂದದ್ದು 71,000. ಬಳೆಗಳು ಇನ್ನೂ ಅಡವಿನಲ್ಲಿವೆ. ಈಗ ತಿಂಗಳಿಗೊಂದು ಚುಚ್ಚುಮದ್ದು. ಅವರೇ ತೋಳು ಚಾಚುತ್ತಾರೆ. ನಾನು ಕದ್ದುಮುಚ್ಚಿ ಏನೂ ಮಾಡಲಿಲ್ಲ.

ಹಾಸನದ ತಾಯಿ: ಅಡವಿಡಲು ನಿಮಗೆ ಬಳೆಗಳಿದ್ದವು.

ಹುಬ್ಬಳ್ಳಿಯವರು: ಖಾಸಗಿ ಆಸ್ಪತ್ರೆ ಏಕೆ? ಧಾರವಾಡದಲ್ಲಿ ಸರ್ಕಾರದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆಯಲ್ಲ. ಲಕ್ಷ ಸುರಿದು ಈಗ ಅಳುವುದೇಕೆ?

ಗದಗದ ಗೃಹಿಣಿ: ಗಂಡ ಬಾವಿಕಟ್ಟೆಯ ಮೇಲೆ ನಿಂತಿದ್ದರು. ಇಬ್ಬರು ಮೈದುನರು ಹಿಡಿದು ಕಾರಿನಲ್ಲಿ ಕೂರಿಸಿದರು, ಮೊದಲು ಬಾಗಿಲು ತೆರೆದ ಕಡೆ ಇಳಿಸಿದರು. ನಿಮ್ಮ ಲೆಕ್ಕಾಚಾರ ನನಗೆ ಬೇಡ.