ಸ್ವಿಫ್ಟ್ ಡೀಸೆಲ್: ಲೋವರಿಂಗ್ ಸ್ಪ್ರಿಂಗ್ ಹಾಕಿದ ಮೇಲೆ ಮುಂಭಾಗ ಬಡಿಯುತ್ತಿದೆ, ಬದಲಿಸಬೇಕಾದದ್ದು ಶಾಕ್ ಅಬ್ಸಾರ್ಬರೋ ಸ್ಪ್ರಿಂಗೋ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನನ್ನದು 2013ರ ಸ್ವಿಫ್ಟ್ ವಿಡಿಐ, 1,12,000 ಕಿ.ಮೀ. ಓಡಿದೆ. ಊರು ತೀರ್ಥಹಳ್ಳಿ. ವಾರಕ್ಕೊಮ್ಮೆಯಾದರೂ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿಬರುವ ಕೆಲಸವಿರುತ್ತದೆ. ಘಾಟಿಯ 14 ತಿರುವುಗಳಲ್ಲಿ ಕಾರು ಮಗ್ಗುಲಿಗೆ ವಾಲುವುದು ಕಡಿಮೆಯಾಗಲಿ ಎಂಬ ಒಂದೇ ಆಸೆಯಿಂದ, 35 ಮಿ.ಮೀ. ತಗ್ಗುತ್ತದೆ ಎಂದು ಹೇಳಿ ಮಾರುವ ಲೋವರಿಂಗ್ ಸ್ಪ್ರಿಂಗ್‌ಗಳನ್ನು ಎರಡು ತಿಂಗಳ ಹಿಂದೆ ಹಾಕಿಸಿದೆ. ಶಾಕ್ ಅಬ್ಸಾರ್ಬರ್‌ಗಳು ಮಾತ್ರ ಕಾರಿನೊಂದಿಗೆ ಬಂದವೇ ಇವೆ, ಅವನ್ನು ಮುಟ್ಟಿಲ್ಲ.

ಈಗಿನ ತೊಂದರೆಗಳು ಹೀಗಿವೆ. ಇಬ್ಬರೇ ಇದ್ದರೂ ಹಂಪ್ ದಾಟುವಾಗ ಮುಂಭಾಗ 'ದಡ್' ಎಂದು ಬಡಿಯುತ್ತದೆ. ತೇಪೆ ಹಾಕಿದ ರಸ್ತೆಯಲ್ಲಿ 70ರ ವೇಗ ದಾಟಿದರೆ ಕಾರಿನ ಮೂತಿ ಏರಿಳಿಯುತ್ತಲೇ ಇರುತ್ತದೆ, ಒಂದು ಕುಲುಕು ನಿಲ್ಲುವಷ್ಟರಲ್ಲಿ ಇನ್ನೊಂದು ಬರುತ್ತದೆ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಎಡಗಡೆಯಿಂದ 'ಟಕ್' ಎಂಬ ಸದ್ದು ಕೇಳುತ್ತದೆ. ನನಗೆ ಎಲ್ಲಕ್ಕಿಂತ ಬೇಸರದ ಸಂಗತಿಯೆಂದರೆ, ತಿರುವಿನಲ್ಲಿ ವಾಲುವುದೂ ನಾನು ನಿರೀಕ್ಷಿಸಿದಷ್ಟು ಕಡಿಮೆಯಾಗಿಲ್ಲ. ಹಾಕಿಸಿದ ಕಡೆ ವಿಚಾರಿಸಿದಾಗ, ಬಂಪ್ ಸ್ಟಾಪರನ್ನು (ಶಾಕ್‌ನ ರಾಡಿನ ಮೇಲ್ಭಾಗದಲ್ಲಿರುವ ರಬ್ಬರ್ ತಡೆ) ಅರ್ಧ ಕತ್ತರಿಸಿದರೆ ಬಡಿತ ನಿಲ್ಲುತ್ತದೆ ಎಂದರು. ಹೊಸ ಶಾಕ್ ಹಾಕಿಸುವುದಾದರೆ ಸ್ನೇಹಿತರೊಬ್ಬರು ಬಿಲ್‌ಸ್ಟೈನ್ ಕಂಪನಿಯ ಬಿ6 ಎನ್ನುತ್ತಾರೆ, ಇನ್ನೊಬ್ಬರು ಕೋನಿ ಕಂಪನಿಯ ಹಳದಿ ಶಾಕ್ ಎನ್ನುತ್ತಾರೆ. ಯಾವುದನ್ನು ಆರಿಸಿಕೊಳ್ಳಲಿ? ತಿಳಿದವರು ದಯವಿಟ್ಟು ಹೇಳಿ.

ವರ್ನಿಯರ್:

ನಮಸ್ಕಾರ ಸರ್. ಶಾಕ್‌ಗೆ ಹಣ ಹಾಕುವ ಮೊದಲು ದಯವಿಟ್ಟು ಒಂದು ಗಂಟೆ ಅಳತೆಗೆ ಕೊಡಿ. ಸಮತಟ್ಟಾದ ಜಾಗದಲ್ಲಿ ಕಾರನ್ನು ನಿಲ್ಲಿಸಿ, ಒಮ್ಮೆ ಹಿಂದೆ ಮುಂದೆ ಉರುಳಿಸಿದ ಮೇಲೆ, ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡಿನ ಕಮಾನಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿ, ಸವೆತ ಎಲ್ಲವೂ ಲೆಕ್ಕದಲ್ಲಿ ಸೇರಿಕೊಂಡು ದಾರಿ ತಪ್ಪಿಸುತ್ತವೆ. ಸ್ಪ್ರಿಂಗ್ ಹಾಕಿಸುವ ಮೊದಲಿನ ಅಳತೆ ಇದ್ದರೆ ಅದನ್ನೂ ಕೊಡಿ.

ಎರಡನೆಯದಾಗಿ, ಮುಂದಿನ ಚಕ್ರ ಬಿಚ್ಚಿ, ಸ್ಪ್ರಿಂಗ್ ಸುರುಳಿಗಳ ನಡುವಿನಿಂದ ಕೈ ತೂರಿಸಿ, ರಬ್ಬರ್ ಬೂಟನ್ನು ಮೇಲೆ ಸರಿಸಿ, ಶಾಕ್‌ನ ರಾಡಿಗೆ ಸಣ್ಣದೊಂದು ಕೇಬಲ್ ಟೈ ಬಿಗಿಯಿರಿ. ಚಕ್ರ ಹಾಕಿ ಕಾರನ್ನು ನೆಲಕ್ಕಿಳಿಸಿದ ಮೇಲೆ ಆ ಟೈಯನ್ನು ಶಾಕ್‌ನ ಮೈಗೆ ತಾಗುವಂತೆ ಕೆಳಗೆ ಒತ್ತಿಡಿ. ನಿಂತಿರುವಾಗ ಶಾಕ್‌ನ ಮೈಗೂ ಬಂಪ್ ಸ್ಟಾಪರಿನ ತುದಿಗೂ ಎಷ್ಟು ಅಂತರವಿದೆ ಎಂಬುದನ್ನು ಬರೆದುಕೊಂಡು, ನೀವು ದಿನವೂ ಓಡಾಡುವ ರಸ್ತೆಯಲ್ಲಿ ಒಂದು ಸುತ್ತು ಹೋಗಿಬನ್ನಿ. ಟೈ ಎಲ್ಲಿಯವರೆಗೆ ಮೇಲೇರಿದೆಯೋ ಅಷ್ಟು ದೂರ ಶಾಕ್ ಒಳಸರಿದಿದೆ ಎಂದರ್ಥ. ಸ್ಪ್ರಿಂಗಿನ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನೂ ಓದಿ, ಅದು ಪೆಟ್ರೋಲ್ ಕಾರಿನದೋ ಡೀಸೆಲ್ ಕಾರಿನದೋ ಎಂದು ತಯಾರಕರ ಪಟ್ಟಿಯಲ್ಲಿ ನೋಡಿ. ಈ ಪ್ರಶ್ನೆಯನ್ನು ಸುಮ್ಮನೆ ಕೇಳುತ್ತಿಲ್ಲ.

ತುಂಗಾತೀರ:

ಭಾನುವಾರ ಇಡೀ ಬೆಳಗ್ಗೆ ಇದೇ ಕೆಲಸ ಮಾಡಿದೆ. ಸುದೈವದಿಂದ ಹಳೆಯ ಅಳತೆ ನನ್ನ ಬಳಿ ಇತ್ತು. ಮುಂದೆ ಮೊದಲು 384 ಮಿ.ಮೀ. ಇದ್ದದ್ದು ಈಗ 331, ಹಿಂದೆ 388 ಇದ್ದದ್ದು ಈಗ 354. ಅಂದರೆ ಹಿಂಭಾಗ 34 ಮಿ.ಮೀ. ತಗ್ಗಿದೆ, ಮುಂಭಾಗ ಮಾತ್ರ 53 ಮಿ.ಮೀ. ಕುಸಿದಿದೆ. ನಿಂತಿರುವಾಗ ಶಾಕ್‌ನ ಮೈಗೂ ಸ್ಟಾಪರಿಗೂ ನಡುವೆ ಇರುವ ಅಂತರ ಕೇವಲ 8 ಮಿ.ಮೀ. ಮನೆಯಿಂದ ಪೇಟೆಗೆ ಹೋಗಿಬರುವಷ್ಟರಲ್ಲಿ ಟೈ ಸ್ಟಾಪರಿನೊಳಕ್ಕೆ ಹೊಕ್ಕು ಅಲ್ಲೇ ಕಚ್ಚಿಕೊಂಡಿತ್ತು. ಎಡ ಶಾಕ್‌ನ ಮೈಮೇಲೆ ಎಣ್ಣೆಯ ಜಿಡ್ಡಿದೆ, ಅದಕ್ಕೆ ಧೂಳು ಮೆತ್ತಿ ಕಪ್ಪು ಪದರ ಕಟ್ಟಿದೆ. ಸ್ಪ್ರಿಂಗಿನ ಸಂಖ್ಯೆಯನ್ನು ಪಟ್ಟಿಯಲ್ಲಿ ಹುಡುಕಿದಾಗ ಅದು ಪೆಟ್ರೋಲ್ ಸ್ವಿಫ್ಟ್‌ನದೆಂದು ತಿಳಿಯಿತು.

ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಕಾರಿನ ಕೆಳಗೆ ಮಲಗಿ ನೋಡಿದರೆ, ಮುಂದಿನ ಲೋವರ್ ಆರ್ಮ್ (ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಕೆಳಗಿನ ತೋಳು) ಚಕ್ರದ ಕಡೆಗೆ ಮೇಲ್ಮುಖವಾಗಿ ಓರೆಯಾಗಿದೆ. ಪಕ್ಕದ ಮನೆಯವರ ಸ್ವಿಫ್ಟ್‌ನಲ್ಲಿ ಅದು ಹಾಗಿಲ್ಲ, ಹೊರತುದಿ ಸ್ವಲ್ಪ ಕೆಳಗಿದೆ.

ವರ್ನಿಯರ್:

ನಿಮ್ಮ ಅಳತೆಯೇ ಉತ್ತರವನ್ನು ಹೇಳಿಬಿಟ್ಟಿದೆ. 1.3 ಲೀಟರ್ ಡೀಸೆಲ್ ಸ್ವಿಫ್ಟ್ ಪೆಟ್ರೋಲ್ ಸ್ವಿಫ್ಟ್‌ಗಿಂತ ಸುಮಾರು 100 ಕಿಲೋ ಭಾರ, ಅದರಲ್ಲಿ ಬಹುಪಾಲು ಬೀಳುವುದು ಮುಂದಿನ ಚಕ್ರಗಳ ಮೇಲೆ. ಮುಂದೆ 80 ಕಿಲೋ ಹೆಚ್ಚು ಎಂದಿಟ್ಟುಕೊಂಡರೆ ಒಂದೊಂದು ಸ್ಪ್ರಿಂಗಿಗೆ 40 ಕಿಲೋ, ಅಂದರೆ ಸುಮಾರು 390 ನ್ಯೂಟನ್. ಸ್ಪ್ರಿಂಗಿನ ಬಿಗಿತ ಮಿಲಿಮೀಟರಿಗೆ 25 ನ್ಯೂಟನ್ ಎಂದು ಊಹಿಸಿದರೆ ಅದು ಇನ್ನೂ 16 ಮಿ.ಮೀ. ಕುಗ್ಗುತ್ತದೆ. 35ಕ್ಕೆ 16 ಸೇರಿಸಿದರೆ 51. ನಿಮಗೆ ಸಿಕ್ಕಿರುವುದು 53. ಹಿಂಭಾಗದಲ್ಲಿ ಎರಡೂ ಮಾದರಿಗಳ ಭಾರ ಹೆಚ್ಚುಕಡಿಮೆ ಒಂದೇ ಆದ್ದರಿಂದ ಅಲ್ಲಿ ಹೇಳಿದಷ್ಟೇ ತಗ್ಗಿದೆ.

ಹೀಗಾಗಿ ನಿಮ್ಮ ಕಾರು ಈಗ ಸ್ಪ್ರಿಂಗಿನ ಮೇಲೆ ಓಡುತ್ತಿಲ್ಲ, ಬಂಪ್ ಸ್ಟಾಪರಿನ ಮೇಲೆ ಓಡುತ್ತಿದೆ. ಬಂಪ್ ಸ್ಟಾಪರ್ ಎನ್ನುವುದು ಬರಿಯ ರಬ್ಬರ್ ತುಂಡಲ್ಲ. ಅದು ಒತ್ತಿದಷ್ಟೂ ಗಟ್ಟಿಯಾಗುತ್ತಾ ಹೋಗುವ ಎರಡನೆಯ ಸ್ಪ್ರಿಂಗ್, ಕೊನೆಯ ಹಂತದಲ್ಲಿ ಲೋಹಕ್ಕೆ ಲೋಹ ತಾಗದಂತೆ ತಡೆಯುವುದು ಅದೇ. ಅದನ್ನು ಅರ್ಧ ಕತ್ತರಿಸಿದರೆ ಕೆಲವು ದಿನ ಸದ್ದು ಕಡಿಮೆಯಾದಂತೆ ಅನ್ನಿಸಬಹುದು. ಆಮೇಲೆ ಬೀಳುವ ಪೆಟ್ಟು ನೇರವಾಗಿ ಶಾಕ್‌ನ ಒಳಗಿನ ವಾಲ್ವಿಗೂ ಮೇಲಿನ ಮೌಂಟಿಂಗಿಗೂ ಹೋಗುತ್ತದೆ. ತಗ್ಗಿಸುವ ಕಿಟ್‌ನ ತಯಾರಕರೇ ಇಂತಿಷ್ಟು ಕತ್ತರಿಸಿ ಎಂದು ಅಳತೆ ಕೊಟ್ಟಿದ್ದರೆ ಅದು ಬೇರೆ ಮಾತು. ಸದ್ದು ನಿಲ್ಲಿಸಲೆಂದು ಕತ್ತರಿಸುವುದು ಬೇಡವೇ ಬೇಡ.

ವಾಲುವುದು ಕಡಿಮೆಯಾಗದ ಕಾರಣ ನೀವು ಮಲಗಿ ನೋಡಿದ ಆ ಓರೆಯಲ್ಲಿದೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕ್ ಮತ್ತು ಸ್ಪ್ರಿಂಗ್ ಒಂದೇ ಕಂಬವಾಗಿ ಸೇರಿರುವ ಜೋಡಣೆ) ಇರುವ ನಿಮ್ಮದರಂಥ ಕಾರಿನಲ್ಲಿ, ವಾಲುವಾಗ ಮೈ ಯಾವ ಬಿಂದುವಿನ ಸುತ್ತ ತಿರುಗುತ್ತದೆಯೋ ಆ ಬಿಂದುವಿನ ಎತ್ತರವನ್ನು ಬಹುಮಟ್ಟಿಗೆ ಲೋವರ್ ಆರ್ಮಿನ ಓರೆ ನಿರ್ಧರಿಸುತ್ತದೆ. ಕಾರನ್ನು ತಗ್ಗಿಸಿದಾಗ ಭಾರದ ಕೇಂದ್ರ ಒಂದಿಷ್ಟು ಕೆಳಗಿಳಿಯುತ್ತದೆ ನಿಜ, ಆದರೆ ಈ ಬಿಂದು ಅದಕ್ಕಿಂತ ಹೆಚ್ಚು ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರವೇ ಕಾರನ್ನು ವಾಲಿಸುವ ಸನ್ನೆಕೋಲು. ಆ ಸನ್ನೆಕೋಲು ಉದ್ದವಾದಾಗ, ಬಿಗಿಯಾದ ಸ್ಪ್ರಿಂಗಿನಿಂದ ಗಳಿಸಿದ್ದರಲ್ಲಿ ಒಂದು ಪಾಲು ಅಲ್ಲೇ ಸೋರಿಹೋಗುತ್ತದೆ. ರಸ್ತೆಯ ಮೇಲೆ ಓಡುವ ಸಣ್ಣ ಕಾರನ್ನು 50 ಮಿ.ಮೀ. ತಗ್ಗಿಸುವುದನ್ನು ನಾನು ಒಪ್ಪದಿರುವುದಕ್ಕೆ ಇದೇ ಮುಖ್ಯ ಕಾರಣ.

ಇನ್ನು ಶಾಕ್ ಆಯ್ಕೆಯ ವಿಷಯ. ಸ್ಪ್ರಿಂಗ್ ಶಕ್ತಿಯನ್ನು ಹಿಡಿದಿಟ್ಟುಕೊಂಡು ಮತ್ತೆ ಬಿಡುತ್ತದೆ, ಅದು ಬಿಡುವ ವೇಗಕ್ಕೆ ಕಡಿವಾಣ ಹಾಕುವುದು ಶಾಕ್. ಬೇಕಾಗುವ ಹಿಡಿತವು ಸ್ಪ್ರಿಂಗ್ ಬಿಗಿತದ ವರ್ಗಮೂಲದಂತೆ ಏರುತ್ತದೆ. ಸ್ಪ್ರಿಂಗ್ ಶೇ. 30ರಷ್ಟು ಬಿಗಿಯಾದರೆ ಶಾಕ್‌ನ ಹಿಡಿತ ಸುಮಾರು ಶೇ. 14ರಷ್ಟು ಹೆಚ್ಚಿರಬೇಕು. ಹೊಸ ಶಾಕ್ ಆಗಿದ್ದರೆ ಇಷ್ಟನ್ನು ಹೇಗೋ ತಡೆದುಕೊಳ್ಳುತ್ತಿತ್ತು. ಲಕ್ಷ ಕಿಲೋಮೀಟರ್ ಓಡಿ, ಎಣ್ಣೆ ಒಸರುತ್ತಿರುವ ನಿಮ್ಮ ಶಾಕ್‌ಗೆ ಹಳೆಯ ಸ್ಪ್ರಿಂಗನ್ನು ಹಿಡಿಯುವ ಶಕ್ತಿಯೇ ಉಳಿದಿಲ್ಲ. ಮೂತಿ ಏರಿಳಿಯುತ್ತಿರುವುದು ಅದಕ್ಕೇ.

ನಿಮ್ಮ ಸ್ನೇಹಿತರು ಹೇಳಿದ ಹೆಸರುಗಳಿಗೆ ಬರುತ್ತೇನೆ. ಬಿಲ್‌ಸ್ಟೈನ್‌ನಲ್ಲಿ ಬಿ4 ಎಂದರೆ ಮೂಲ ಶಾಕ್‌ಗೆ ಬದಲಿ, ಬಿ6 ಎಂದರೆ ಮೂಲ ಎತ್ತರದ ಸ್ಪ್ರಿಂಗಿಗೆ ಹೊಂದುವ ಗಟ್ಟಿ ಶಾಕ್, ಬಿ8 ಎಂದರೆ ಲೋವರಿಂಗ್ ಸ್ಪ್ರಿಂಗಿಗೆಂದೇ ಉದ್ದ ಕಡಿಮೆ ಮಾಡಿದ ಶಾಕ್. ಹಾಗಾಗಿ ತಗ್ಗಿಸಿದ ಕಾರಿಗೆ ಬಿ6 ಹಾಕಿ ಎನ್ನುವುದು ಸರಿಯಾದ ಸಲಹೆಯಲ್ಲ. ಕೋನಿ ಹಳದಿಯಲ್ಲಿ ಹೊಂದಿಸಲು ಬರುವುದು ಶಾಕ್ ಹೊರಚಾಚುವಾಗಿನ ಹಿಡಿತವನ್ನು ಮಾತ್ರ. ಅದು ಬಹಳ ಉಪಯುಕ್ತ ನಿಜ, ಆದರೆ ಒಳಸರಿಯಲು ಜಾಗವೇ ಇಲ್ಲದ ಕಾರಿಗೆ ಅದು ಜಾಗ ಮಾಡಿಕೊಡಲಾರದು. ಇವೆಲ್ಲಕ್ಕೂ ಮೊದಲು ನಿಮ್ಮ ಮಾದರಿಯ ಭಾಗಸಂಖ್ಯೆ ಪಟ್ಟಿಯಲ್ಲಿದೆಯೇ ನೋಡಿ. ಹೊರದೇಶದ ಪಟ್ಟಿಗಳಲ್ಲಿ ಸ್ವಿಫ್ಟ್ ಸ್ಪೋರ್ಟ್ ಎಂದು ಕಂಡರೆ ನಮ್ಮ ಸ್ವಿಫ್ಟ್‌ಗೂ ಕೂರುತ್ತದೆ ಎಂದುಕೊಳ್ಳಬೇಡಿ. ಆ ಕಾರು ಭಾರತದಲ್ಲಿ ಮಾರಾಟಕ್ಕೇ ಬಂದಿಲ್ಲ.

ಹಿಂಭಾಗದ ಬಗ್ಗೆಯೂ ಒಂದು ಎಚ್ಚರಿಕೆಯ ಮಾತು. ಅಲ್ಲಿ ಟಾರ್ಷನ್ ಬೀಮ್ (ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವ ಅಡ್ಡತೊಲೆ) ಮೇಲೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ ಇವೆ. ಚಕ್ರ ಪೂರ್ತಿ ಜೋತುಬಿದ್ದಾಗ ಅದನ್ನು ತಡೆದು ನಿಲ್ಲಿಸುವುದು ಶಾಕ್‌ನ ಉದ್ದ. ಕಾರನ್ನು ಜಾಕ್ ಮೇಲೆ ಎತ್ತಿ, ಹಿಂದಿನ ಸ್ಪ್ರಿಂಗನ್ನು ಕೈಯಿಂದ ತಿರುಗಿಸಿ ನೋಡಿ. ಸಡಿಲವಾಗಿ ತಿರುಗಿದರೆ ಆ ಸ್ಪ್ರಿಂಗ್ ಈ ಶಾಕ್‌ನೊಂದಿಗೆ ಅಪಾಯಕಾರಿ, ಏಕೆಂದರೆ ಅದು ತನ್ನ ಕೂರುವ ಜಾಗದಿಂದ ಜಾರಬಹುದು.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ನಿಮ್ಮ ಕಾರಿನ ಗ್ರೌಂಡ್ ಕ್ಲಿಯರೆನ್ಸ್ ಮೂಲದಲ್ಲಿ 170 ಮಿ.ಮೀ., ಈಗ ಮುಂದೆ ಉಳಿದಿರುವುದು 117ರ ಆಸುಪಾಸು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಹಂಪ್‌ಗೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಅದನ್ನಾದರೂ 25 ಕಿ.ಮೀ. ವೇಗದಲ್ಲಿ ದಾಟಬಹುದು. ನಮ್ಮ ಊರುಗಳಲ್ಲಿರುವುದು ಅಷ್ಟೇ ಎತ್ತರದ, ಆದರೆ ಮೊಳದಗಲದ ದಿಬ್ಬ. ಮಲೆನಾಡಿನಲ್ಲಿ ಓಡುವ, ನಾಲ್ವರನ್ನೂ ಸಾಮಾನನ್ನೂ ಹೊರುವ ಕಾರಿಗೆ, ಡೀಸೆಲ್ ಮಾದರಿಯ ಮೂಲ ಸ್ಪ್ರಿಂಗ್‌ಗಳಿಗೆ ಮರಳಿ, ನಾಲ್ಕೂ ಶಾಕ್‌ಗಳನ್ನು ಹೊಸ ಗ್ಯಾಸ್ ಶಾಕ್‌ಗಳಿಗೆ ಬದಲಿಸುವುದೇ ಒಳ್ಳೆಯದು. ಘಾಟಿಯಲ್ಲಿ ನಿಮಗೆ ಬೇಕಾಗಿದ್ದ ಸ್ಥಿರತೆಯ ಹೆಚ್ಚಿನ ಪಾಲು ಅದರಿಂದಲೇ ಸಿಗುತ್ತದೆ. ತಗ್ಗಿಸಲೇಬೇಕೆಂದಿದ್ದರೆ ಡೀಸೆಲ್‌ಗೆಂದೇ ಮಾಡಿದ, 25 ಮಿ.ಮೀ. ಮೀರದ ಸ್ಪ್ರಿಂಗನ್ನು, ಅದಕ್ಕೆ ಜೋಡಿಯಾಗಿ ಸಿಗುವ ಗಿಡ್ಡ ಶಾಕ್‌ನೊಂದಿಗೇ ಕೊಳ್ಳಿ. ಒಂದನ್ನು ಇಂದು, ಇನ್ನೊಂದನ್ನು ಆರು ತಿಂಗಳ ಮೇಲೆ ಎಂದು ಮಾತ್ರ ಮಾಡಬೇಡಿ.

ಪಾನಾಪೆಟ್ಟಿಗೆ:

ಮೇಲಿನವರ ಮಾತಿಗೆ ಜೋಡಿಸುವ ಕೆಲಸದ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ. ಇಪ್ಪತ್ತು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಒಳ್ಳೆಯ ಸಾಮಾನು ಕೆಟ್ಟ ಜೋಡಣೆಯಿಂದ ಹಾಳಾಗುವುದನ್ನು ನೋಡಿ ಸಾಕಾಗಿದೆ.

ಸ್ಟೀರಿಂಗ್ ತಿರುಗಿಸಿದಾಗ ಬರುವ 'ಟಕ್' ಸದ್ದಿಗೆ ಎರಡೇ ಕಾರಣಗಳಿರುವುದು ಹೆಚ್ಚು. ಒಂದೋ ಸ್ಟ್ರಟ್‌ನ ಮೇಲಿನ ಬೇರಿಂಗ್ ಹೋಗಿದೆ, ಇಲ್ಲವೇ ಸ್ಪ್ರಿಂಗಿನ ತುದಿ ಕೆಳಗಿನ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ತಾಗಿ ಕೂತಿಲ್ಲ. ಒಬ್ಬರು ಸ್ಟೀರಿಂಗ್ ತಿರುಗಿಸುವಾಗ ಇನ್ನೊಬ್ಬರು ಸ್ಪ್ರಿಂಗಿನ ಮೇಲೆ ಬೆರಳಿಟ್ಟರೆ, ಅದು ಸುರುಳಿಯಂತೆ ಬಿಗಿದು ಒಮ್ಮೆಲೇ ಬಿಟ್ಟುಕೊಳ್ಳುವುದು ಬೆರಳಿಗೇ ತಿಳಿಯುತ್ತದೆ. ಶಾಕ್ ಬದಲಿಸುವಾಗ ಮೇಲಿನ ಮೌಂಟಿಂಗ್, ಬೇರಿಂಗ್, ಬಂಪ್ ಸ್ಟಾಪರ್, ಬೂಟ್ ನಾಲ್ಕನ್ನೂ ಹೊಸದು ಹಾಕಿಸಿ. ಇವನ್ನು ಉಳಿಸಿಕೊಂಡರೆ ಮತ್ತೆ ಅದೇ ಕೂಲಿ ಕೊಟ್ಟು ಬಿಚ್ಚಿಸಬೇಕಾಗುತ್ತದೆ.

ರಾಡಿನ ಮೇಲಿನ ನಟ್ಟನ್ನು ಏರ್ ಗನ್ ಹಿಡಿದು ಬಿಗಿಯಲು ಬಿಡಬೇಡಿ. ರಾಡ್ ಗಿರಗಿರನೆ ತಿರುಗಿದರೆ ಹೊಸ ಶಾಕ್‌ನ ಸೀಲ್ ಮೊದಲ ದಿನವೇ ಗಾಯವಾಗುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಸ್ಟ್ರಟ್ ಬಿಚ್ಚುವ ಸಾಹಸವನ್ನು ಯಾರೂ ಮನೆಯಲ್ಲಿ ಮಾಡಬಾರದು, ಒತ್ತಿಹಿಡಿದ ಸ್ಪ್ರಿಂಗ್ ಸಿಡಿದರೆ ಪ್ರಾಣಕ್ಕೇ ಅಪಾಯ. ಲೋವರ್ ಆರ್ಮ್ ಬುಷ್ ಮತ್ತು ಹಿಂದಿನ ಬೀಮಿನ ಬುಷ್ ಬೋಲ್ಟುಗಳನ್ನು ಕಾರು ತನ್ನ ಚಕ್ರಗಳ ಮೇಲೆ ನಿಂತ ನಂತರವೇ ಕೊನೆಯ ಬಿಗಿತ ಕೊಡಬೇಕು. ಚಕ್ರ ಜೋತುಬಿದ್ದಾಗ ಬಿಗಿದರೆ, ಕಾರು ಇಳಿದ ಮೇಲೆ ಆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಎತ್ತರ ಬದಲಾದಾಗಲೆಲ್ಲ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಬದಲಾಗುತ್ತದೆ, ಆದ್ದರಿಂದ ಅಲೈನ್‌ಮೆಂಟ್ ಮಾಡಿಸಿ. ಹೆಡ್‌ಲೈಟಿನ ಮಟ್ಟವನ್ನೂ ನೋಡಿಸಿ. ಮೂತಿ ಮಾತ್ರ ಕುಸಿದಿರುವ ಈಗಿನ ಸ್ಥಿತಿಯಲ್ಲಿ ನಿಮ್ಮ ಬೆಳಕು ಹತ್ತಿರದಲ್ಲೇ ನೆಲಕ್ಕೆ ಬೀಳುತ್ತಿರುತ್ತದೆ, ಆಗುಂಬೆಯ ಮಂಜಿನಲ್ಲಿ ಅದು ಸಣ್ಣ ವಿಷಯವಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ವಿವರಕ್ಕೆ ಹೊಂದದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕರ ಮೇಲೆ 5,000 ರೂಪಾಯಿ ದಂಡ ಹಾಕಲು ಅವಕಾಶವಿದೆ. ತಗ್ಗಿಸುವ ಯೋಚನೆ ಇನ್ನೂ ಇದ್ದರೆ ಆರ್‌ಟಿಓ ಮತ್ತು ವಿಮೆಯವರ ಬಳಿ ಮೊದಲೇ ವಿಚಾರಿಸಿಕೊಳ್ಳಿ.

ತುಂಗಾತೀರ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂಲ ಸ್ಪ್ರಿಂಗ್‌ಗಳನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದು ಈಗ ಉಪಯೋಗಕ್ಕೆ ಬಂತು. ಅವನ್ನೇ ಹಾಕಿಸಿ, ನಾಲ್ಕೂ ಕಡೆ ಹೊಸ ಗ್ಯಾಸ್ ಶಾಕ್, ಮುಂದೆ ಹೊಸ ಮೌಂಟಿಂಗ್, ಬೇರಿಂಗ್, ಸ್ಟಾಪರ್ ಹಾಕಿಸಿದೆ. ಈ ಬಾರಿ ಬೇರೆ ಗ್ಯಾರೇಜಿಗೆ ಹೋಗಿ ಪಕ್ಕದಲ್ಲೇ ನಿಂತು ನೋಡಿದೆ. ಎಡಗಡೆಯ ಹಳೆಯ ಬೇರಿಂಗನ್ನು ಅಂಗೈಯಲ್ಲಿಟ್ಟು ತಿರುಗಿಸಿದರೆ ಮರಳು ತುಂಬಿದಂತೆ ಕರಕರ ಎನ್ನುತ್ತಿತ್ತು. ಹಳೆಯ ಎಡ ಶಾಕನ್ನು ಕೈಯಿಂದ ಒತ್ತಿದಾಗ ಅರ್ಧ ದಾರಿ ಯಾವ ತಡೆಯೂ ಇಲ್ಲದೆ ಒಳಗೆ ಹೋಯಿತು.

ಈಗ ಮುಂದಿನ ಅಳತೆ 383, ಹಿಂದೆ 387. ನಿಂತಿರುವಾಗ ಸ್ಟಾಪರಿಗೆ 60 ಮಿ.ಮೀ. ಅಂತರವಿದೆ. ಕೇಬಲ್ ಟೈಯನ್ನು ಮತ್ತೆ ಬಿಗಿದು, ನಾಲ್ವರು ಕೂತು ಘಾಟಿ ಇಳಿದು ಹತ್ತಿ ಬಂದೆವು. ಟೈ 52 ಮಿ.ಮೀ. ಏರಿದೆ, ಸ್ಟಾಪರನ್ನು ಮುಟ್ಟಿಲ್ಲ. ತಿರುವಿನಲ್ಲಿ ಕಾರು ವಾಲುತ್ತದೆ, ಆದರೆ ಒಂದೇ ಸಲ ವಾಲಿ ಅಲ್ಲೇ ನಿಲ್ಲುತ್ತದೆ. ಮೊದಲಿನಂತೆ ತಿರುವಿನ ನಡುವೆ ತೂಗಾಡುವುದಿಲ್ಲ. ನನಗೆ ಭಯ ಹುಟ್ಟಿಸುತ್ತಿದ್ದದ್ದು ಆ ತೂಗಾಟವೇ ಹೊರತು ವಾಲುವುದಲ್ಲ ಎಂಬುದು ಈಗ ಗೊತ್ತಾಯಿತು.

ಒಂದೇ ಪ್ರಶ್ನೆ ಉಳಿದಿದೆ. ಮುಂದಿನ ಮೌಂಟಿಂಗ್ ನಟ್ಟುಗಳನ್ನು ಇಷ್ಟು ದಿನದ ಮೇಲೆ ಮತ್ತೊಮ್ಮೆ ನೋಡಬೇಕೆಂಬ ನಿಯಮವೇನಾದರೂ ಇದೆಯೇ?

ಪಾನಾಪೆಟ್ಟಿಗೆ:

500 ಕಿ.ಮೀ. ಓಡಿದ ಮೇಲೆ ಒಮ್ಮೆ ಟಾರ್ಕ್ ಪಾನಾ ಹಿಡಿಸಿ ನೋಡಿ, ಸ್ಟ್ರಟ್‌ನ ಕೆಳಗಿನ ಎರಡು ದೊಡ್ಡ ಬೋಲ್ಟುಗಳನ್ನೂ ಬಿಡಬೇಡಿ. ಅಲೈನ್‌ಮೆಂಟನ್ನು ಅದಾದ ಮೇಲೆ ಮಾಡಿಸಿದರೆ ಸಾಕು, ಅಷ್ಟರಲ್ಲಿ ಹೊಸ ರಬ್ಬರುಗಳು ಕೂತಿರುತ್ತವೆ.